ತಾಳದ ಒಡೆತನ

ಕಳವಾಯಿತೆಂದು ಹೇಳುವ ವಸ್ತು ಇದ್ದ ಎಡೆಯಲ್ಲಿಯೇ ಇದ್ದು, ಅದರ ಒಡೆಯನ ಮನೆಯಲ್ಲಿ ಒಂದು ಕಾಳಿನಷ್ಟೂ ಕಡಮೆಯಾಗದಿದ್ದರೆ ಅದನ್ನು ಕಳವೆಂದು ಕರೆಯಬಹುದೆ? ನೆರೆಯವನ ಹಸುವನ್ನು ಹೊಡೆದುಕೊಂಡು ಹೋದರೆ ಅವನ ಕೊಟ್ಟಿಗೆ ಬರಿದಾಗುತ್ತದೆ. ಆ ನಷ್ಟವನ್ನು ಊರವರೆಲ್ಲ ಕಣ್ಣಿನಿಂದ ಕಾಣಬಹುದು. ಆದರೆ ಅವನು ಹಾಡಿಕೊಳ್ಳುತ್ತಿದ್ದ ಹಾಡನ್ನು ಬೇಲಿಯ ಈಚೆಯಿಂದ ಕೇಳಿ ಒಬ್ಬನು ಕಲಿತುಕೊಂಡರೆ, ಹಾಡು ಎರಡು ಮನೆಗಳದಾಗುತ್ತದೆಯೇ ಹೊರತು ಮೊದಲಿನವನ ಬಾಯಿಂದ ಹೋಗುವುದಿಲ್ಲ. ಹೀಗಿದ್ದರೂ ಕಲಿತವನು ಆ ಹಾಡನ್ನು ಪೇಟೆಗೆ ಒಯ್ದು ಹಣ ಗಳಿಸಿ, ಅದು ಎಲ್ಲಿಂದ ಬಂತೆಂಬುದನ್ನು ಬಾಯಿಬಿಡದೆ ಇದ್ದುಬಿಟ್ಟಾಗ, ಬೇಲಿಯಾಚೆಯವನ ಮನಸ್ಸಿನಲ್ಲಿ ಒಂದು ಕುಂದು ಉಂಟಾಗುತ್ತದೆ. ಆ ಕುಂದು ಯಾವ ಜಾತಿಯದು? ಬರಿಯ ಹೊಟ್ಟೆಕಿಚ್ಚೆ, ಅಥವಾ ಧರ್ಮಸಮ್ಮತವಾದ ಬಾಕಿಯೆ?

ಈ ಪ್ರಶ್ನೆಯನ್ನು ತರ್ಕದಿಂದಲೇ ಬಿಡಿಸಹೊರಟರೆ ಬಲು ಬೇಗ ಬಿಡಿಸಿದಂತೆ ತೋರುತ್ತದೆ. ಒಬ್ಬ ಮನುಷ್ಯನ ಬಾಳಿನಲ್ಲಿ ಅದನ್ನು ಇಟ್ಟು ನೋಡಿದಾಗ ಅದರ ತೊಡಕು ತಿಳಿಯುತ್ತದೆ. ಅಂತಹ ಒಂದು ಬಾಳು ಅಮೆರಿಕ ದೇಶದ ಡ್ರಮ್ ವಾದಕನಾದ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬವನದು. ಆತನ ಕೈಯಿಂದ ಹೊರಟ ತಾಳವನ್ನು ಕೇಳದವರು ಇಂದಿನ ಪಾಶ್ಚಾತ್ಯ ಸಂಗೀತದ ಪರಿಚಯವುಳ್ಳವರಲ್ಲಿ ಯಾರೂ ಇರಲಾರರು. ಆತನ ಹೆಸರನ್ನು ಕೇಳಿದವರು ಮಾತ್ರ ವಿರಳ.

ಸ್ಟಬಲ್‌ಫೀಲ್ಡನು ೧೯೪೩ನೆಯ ಇಸವಿ ಏಪ್ರಿಲ್ ೧೮ರಂದು ಟೆನ್ನೆಸ್ಸೀ ಸಂಸ್ಥಾನದ ಚಟನೂಗ ಎಂಬ ಊರಿನಲ್ಲಿ ಹುಟ್ಟಿದನು. ಅದು ಬೆಟ್ಟಗಳ ನಡುವಿನ ಊರು. ಕಾರ್ಖಾನೆಗಳೂ ರೈಲುದಾರಿಗಳೂ ಅಲ್ಲಿ ಬಹಳ. ಕರಿಯರಿಗೂ ಬಿಳಿಯರಿಗೂ ಶಾಲೆ, ಊಟದ ಮನೆ, ಕೂರುವ ಪೀಠ ಎಲ್ಲವೂ ಬೇರೆ ಬೇರೆಯಾಗಿದ್ದ ಕಾಲ ಅದು. ಆ ಊರಿನ ಒಂದು ಕಾರ್ಖಾನೆಯು ಹೊತ್ತು ಹೊತ್ತಿಗೆ ಗಾಳಿಯನ್ನು ಉಸಿರಿನಂತೆ ಹೊರಕ್ಕೆ ಬಿಡುತ್ತಿತ್ತೆಂದೂ, ಆ ಸದ್ದು ಎದುರಿನ ಬೆಟ್ಟಕ್ಕೆ ತಾಗಿ ಮರುದನಿಯಾಗಿ ಹಿಂದಿರುಗುತ್ತಿತ್ತೆಂದೂ, ಆ ಎರಡು ಸದ್ದುಗಳ ನಡುವಣ ಅಂತರಕ್ಕೆ ಹೆಜ್ಜೆ ಹೊಂದಿಸಿಕೊಂಡು ತಾನು ನಡೆಯುತ್ತಿದ್ದೆನೆಂದೂ ಆತನು ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾನೆ. ರೈಲುಗಾಲಿಯ ಸದ್ದೂ ಆತನಿಗೆ ಪಾಠವೇ. ಬೀದಿಯ ಮೆರವಣಿಗೆಯಲ್ಲಿ ಡ್ರಮ್ಮಿನವರನ್ನು ನೋಡಿದ್ದೇ ಉಪದೇಶವಾಯಿತು. ಸ್ವರಲಿಪಿಯನ್ನು ಓದಲು ಆತನು ಎಂದೂ ಕಲಿಯಲಿಲ್ಲ. ಮೊದಲು ಎಡ್ಡಿ ಕರ್ಕ್‌ಲೆಂಡನೊಡನೆ ಬ್ಲೂಸ್ ಬಾರಿಸಿ, ಓಟಿಸ್ ರೆಡ್ಡಿಂಗನಂಥ ಹಾಡುಗಾರನ ಬೆನ್ನಿಗೂ ಕುಳಿತು, ೧೯೬೫ರಲ್ಲಿ ಜೇಮ್ಸ್ ಬ್ರೌನನ ಮೇಳವನ್ನು ಸೇರಿದನು.

ಬ್ರೌನನು ಸಾಮಾನ್ಯನಲ್ಲ. ಕಡು ಬಡತನದಿಂದ ಮೇಲೆದ್ದು ಬಂದವನು. ತನ್ನ ಮೇಳವನ್ನು ಒಂದು ಪಡೆಯನ್ನು ಆಳುವಂತೆ ಆಳಿದವನು. ಬೂಟಿಗೆ ಮೆರಗು ಸಾಲದಿದ್ದರೆ ದಂಡ, ಒಂದು ಸ್ವರ ತಪ್ಪಿದರೆ ದಂಡ. ವಾದ್ಯಗಾರರು ಅವನ ಬಳಿ ಸಂಬಳದ ಜನ. ಆದರೆ ಆ ಸಂಬಳದ ಜನರ ನಡುವೆ ಒಂದು ಹೊಸ ಸಂಗೀತ ಹುಟ್ಟುತ್ತಿತ್ತು. ಜಾಜ್ ಎಂಬ ಸಂಗೀತದಲ್ಲಿ ಡ್ರಮ್ಮಿನವನು ಇತರರೊಡನೆ ಸಂಭಾಷಣೆ ನಡೆಸುವವನು. ಒಬ್ಬನು ಒಂದು ಮಾತೆತ್ತಿದರೆ ಇವನು ಅದಕ್ಕೆ ಉತ್ತರ ಕೊಡುವನು. ಬ್ರೌನನ ಮೇಳದಲ್ಲಿ ಹುಟ್ಟಿದ, ಮುಂದೆ ಫಂಕ್ ಎಂದು ಹೆಸರಾದ ಸಂಗೀತದಲ್ಲಿಯಾದರೋ ಕೊಂಬು, ತಂತಿ, ಕೊರಳು ಎಲ್ಲವೂ ಡ್ರಮ್ಮುಗಳೇ ಆಗಿಬಿಡುತ್ತವೆ. ಪ್ರತಿಯೊಂದು ಆವರ್ತದ ಮೊದಲನೆಯ ಪೆಟ್ಟಿಗೆ ಎಲ್ಲರೂ ಒಟ್ಟಾಗಿ ಬಂದು ಇಳಿಯುತ್ತಾರೆ. ಈ ಎರಡು ಸಂಗೀತಗಳ ನಡುವೆ ಗೋಡೆಯೇನೂ ಇರಲಿಲ್ಲ. ಮೇಳದ ನಾಯಕರಲ್ಲೊಬ್ಬನಾಗಿದ್ದ ಪೀ ವೀ ಎಲಿಸನು ಜಾಜಿನಲ್ಲಿ ನುರಿತವನು. ೧೯೬೭ರ ‘ಕೋಲ್ಡ್ ಸ್ವೆಟ್’ ಎಂಬ ಹಾಡಿನ ಕೊಂಬುಗಳ ಮಾತು ತನಗೆ ಹೊಳೆದುದು ಮೈಲ್ಸ್ ಡೇವಿಸನ ೧೯೫೯ರ ‘ಸೋ ವಾಟ್’ ಎಂಬ ಕೃತಿಯಿಂದ ಎಂದು ಅವನು ಮರೆಮಾಚದೆ ಒಪ್ಪಿಕೊಂಡನು. ಆ ಹಾಡಿನಲ್ಲಿ ಡ್ರಮ್ ಬಾರಿಸಿದವನು ಸ್ಟಬಲ್‌ಫೀಲ್ಡನೇ. ಆತನ ಜೊತೆಗೆ ಜಾನ್ ಸ್ಟಾರ್ಕ್ಸ್ ಎಂಬ ಮತ್ತೊಬ್ಬನಿದ್ದನು. ಎಲ್ಲರೂ ಅವನನ್ನು ಜೇಬೋ ಎಂದು ಕರೆಯುತ್ತಿದ್ದರು. ಇಬ್ಬರೂ ಒಂದೇ ವೇದಿಕೆಯ ಮೇಲೆ, ಒಬ್ಬನ ನಡೆ ನೇರ, ಇನ್ನೊಬ್ಬನದು ಸುತ್ತುಸುತ್ತಾದ ಹೆಣಿಗೆ. ಅವರೊಳಗೆ ಮತ್ಸರವಿರಲಿಲ್ಲವೆಂಬುದು ಬಲ್ಲವರ ಮಾತು. ಮುಪ್ಪಿನಲ್ಲಿಯೂ ಇಬ್ಬರೂ ಕೂಡಿ ಬಾರಿಸಿದರು.

೧೯೬೯ನೆಯ ನವೆಂಬರ್ ೨೦ರಂದು ಸಿನ್ಸಿನಾಟಿ ನಗರದ ಕಿಂಗ್ ಎಂಬ ಸಂಸ್ಥೆಯ ಮುದ್ರಣಶಾಲೆಯಲ್ಲಿ ಮೇಳವು ಒಂದು ದೀರ್ಘವಾದ ತುಣುಕನ್ನು ನುಡಿಸುತ್ತಿತ್ತು. ಬರೆದು ತಂದ ಕೃತಿಯಲ್ಲ; ನುಡಿಸುತ್ತ ನುಡಿಸುತ್ತ ರೂಪುಗೊಂಡದ್ದು. ಐದು ನಿಮಿಷಗಳು ಕಳೆದ ಮೇಲೆ ಬ್ರೌನನು, ಈಗ ಡ್ರಮ್ಮಿನವನಿಗೆ ಅವಕಾಶ ಕೊಡೋಣವೆಂದು ಕೂಗಿ, ಡ್ರಮ್ಮಿನವನಿಗೆ, ನೀನು ಬೇರೆ ಚಮತ್ಕಾರವೇನೂ ಮಾಡಬೇಡ, ಈಗ ಹಿಡಿದಿರುವುದನ್ನೇ ಹಿಡಿದಿರು ಎಂಬ ಅರ್ಥದ ಮಾತು ಹೇಳಿದನು. ಉಳಿದವರೆಲ್ಲ ನಿಲ್ಲಿಸಿದರು. ಎಂಟು ಆವರ್ತಗಳ ಕಾಲ, ಎಂದರೆ ಸುಮಾರು ೨೦ ಸೆಕೆಂಡು, ಸ್ಟಬಲ್‌ಫೀಲ್ಡನು ಒಬ್ಬನೇ ಬಾರಿಸಿದನು. ಬಲಗೈ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿತಾಳದ ಮೇಲೆ ಬಿಡುವಿಲ್ಲದೆ ಓಡುತ್ತದೆ. ಪಾದವು ದೊಡ್ಡ ಡ್ರಮ್ಮನ್ನು ಗುದ್ದುತ್ತದೆ. ಎಡಗೈ ಸಣ್ಣ ಡ್ರಮ್ಮಿನ ಮೇಲೆ ಎರಡು ಗಟ್ಟಿ ಪೆಟ್ಟುಗಳನ್ನಿಟ್ಟು, ಅವುಗಳ ನಡುವೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲನೆಯ ಪೆಟ್ಟುಗಳನ್ನು ಉದುರಿಸುತ್ತದೆ. ಗಟ್ಟಿ ಪೆಟ್ಟುಗಳನ್ನು ಯಾರಾದರೂ ಅನುಕರಿಸಬಹುದು. ಆ ಮೆಲುಪೆಟ್ಟುಗಳಲ್ಲಿಯೇ ಆತನ ಗುಟ್ಟು ಇರುವುದು. ಬೇರೆಯವರು ಲೆಕ್ಕ ಹಾಕಿ ಬಾರಿಸಿದಾಗ ಅದೇ ತಾಳ ಒಣಗಿ ಹೋಗುತ್ತದೆ. ತುಣುಕು ಮುಗಿಯುವ ಮೊದಲೇ ಬ್ರೌನನು ಅದಕ್ಕೆ ‘ಫಂಕೀ ಡ್ರಮ್ಮರ್’ ಎಂದು ನಾಮಕರಣವನ್ನೂ ಮಾಡಿಬಿಟ್ಟನು. ಡ್ರಮ್ಮಿನವನ ಮೇಲೆ ಹೆಸರು ಬಂತು. ಡ್ರಮ್ಮಿನವನ ಹೆಸರು ಬರಲಿಲ್ಲ. ಕರ್ತೃವೆಂದು ದಾಖಲಾದವನು ಜೇಮ್ಸ್ ಬ್ರೌನ್.

೧೯೭೦ರ ಮಾರ್ಚಿಯಲ್ಲಿ ಅದು ಒಂದು ತಟ್ಟೆಯ ಎರಡು ಮಗ್ಗುಲುಗಳಲ್ಲಿ ಹೊರಬಿದ್ದಿತು. ಅಂಥ ಗೆಲುವೇನೂ ಆಗಲಿಲ್ಲ. ಅದೇ ತಿಂಗಳು ಸಂಬಳದ ವ್ಯಾಜ್ಯದಿಂದ ಮೇಳದ ಬಹುಮಂದಿ ಬ್ರೌನನನ್ನು ಬಿಟ್ಟುಹೋದರು. ಸ್ಟಬಲ್‌ಫೀಲ್ಡನೂ ಸ್ವಲ್ಪ ಕಾಲದಲ್ಲಿ ಮೇಳವನ್ನು ಬಿಟ್ಟು ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ನೆಲೆಸಿದನು. ಆ ತಟ್ಟೆಯನ್ನು ಲೋಕ ಮರೆಯಿತು.

ಮರೆತದ್ದನ್ನು ನೆನಪಿಗೆ ತಂದದ್ದು ಒಂದು ಯಂತ್ರ. ೧೯೮೦ರ ದಶಕದಲ್ಲಿ, ಮುದ್ರಿತವಾದ ಯಾವುದೇ ಧ್ವನಿಯಿಂದ ಕೆಲವು ಸೆಕೆಂಡುಗಳನ್ನು ಕತ್ತರಿಸಿ, ಗುಂಡಿಯೊತ್ತಿದಾಗಲೆಲ್ಲ ಅದನ್ನೇ ಮತ್ತೆ ಮತ್ತೆ ನುಡಿಸುವ ಉಪಕರಣಗಳು ಬಡ ಹುಡುಗರ ಕೈಗೂ ಎಟುಕತೊಡಗಿದವು. ನ್ಯೂಯಾರ್ಕಿನ ಕರಿಯ ತರುಣರು ಅದರಿಂದ ಹಿಪ್‌ಹಾಪ್ ಎಂಬ ಕಲೆಯನ್ನು ಬೆಳೆಸಿದರು. ೧೯೮೬ರಲ್ಲಿ ‘ಫಂಕೀ ಡ್ರಮ್ಮರ್’ ಒಂದು ಸಂಕಲನದಲ್ಲಿ ಪುನಃ ಪ್ರಕಟವಾಯಿತು. ಅಲ್ಲಿಂದ ಮುಂದೆ ಆ ೨೦ ಸೆಕೆಂಡುಗಳಿಗೆ ಬಿಡುವೇ ಇಲ್ಲ. ಪಬ್ಲಿಕ್ ಎನಿಮಿ ತಂಡದವರ ೧೯೮೯ರ ‘ಫೈಟ್ ದ ಪವರ್’ ಎಂಬ ಪ್ರತಿಭಟನೆಯ ಹಾಡಿನಲ್ಲಿ ಅದಿದೆ. ಇಂಗ್ಲೆಂಡಿನ ಜಾರ್ಜ್ ಮೈಕೇಲನ ಜನಪ್ರಿಯ ಗೀತೆಯಲ್ಲಿ ಅದಿದೆ. ಸಿನೇಡ್ ಓಕಾನರ್ ಎಂಬ ಐರಿಷ್ ಗಾಯಕಿ ತನ್ನ ನಾಡಿನ ಹಳೆಯ ಶೋಕಗೀತೆಯೊಂದನ್ನು ೧೯೯೦ರಲ್ಲಿ ಹಾಡಿದಾಗ, ಸಮಾಧಿಯ ಬಳಿ ಕುಳಿತು ಅಳುವ ಆ ಪದಗಳ ಅಡಿಯಲ್ಲಿಯೂ ಹರಿದುದು ಅದೇ ತಾಳ. ಹೀಗೆ ಅದನ್ನು ಬಳಸಿಕೊಂಡ ಹಾಡುಗಳು ಸಾವಿರಕ್ಕೂ ಮೇಲೆ. ಬಾರಿಸಿದವನಿಗೆ ಇದರಿಂದ ಸಂದ ಕರ್ತೃಭಾಗ ಇಲ್ಲವೇ ಇಲ್ಲ.

ಕಾನೂನಿನ ದೃಷ್ಟಿಗೆ ಇದರಲ್ಲಿ ಅಕ್ರಮವೇನೂ ತೋರದು. ಅಲ್ಲಿ ಕೃತಿಗೆ ಒಬ್ಬ ಒಡೆಯ, ಧ್ವನಿಮುದ್ರಣಕ್ಕೆ ಒಬ್ಬ ಒಡೆಯ. ಕೃತಿಯೆಂದರೆ ಸಾಮಾನ್ಯವಾಗಿ ರಾಗ ಮತ್ತು ಸಾಹಿತ್ಯ; ತಾಳದ ನಡೆಯನ್ನು ಕೃತಿಯ ಭಾಗವೆಂದು ಎಣಿಸುವುದು ಅಪೂರ್ವ. ಮುದ್ರಣವು ಹಣ ಹಾಕಿದವರದು. ಸಂಬಳಕ್ಕೆ ಬಾರಿಸಿದವನು ಈ ಎರಡು ಬಾಗಿಲುಗಳಲ್ಲಿ ಯಾವುದರಿಂದಲೂ ಒಳಗೆ ಬರುವಂತಿಲ್ಲ. ೧೯೯೧ರಲ್ಲಿ ಬೇರೊಂದು ಹಾಡಿನ ವ್ಯಾಜ್ಯದಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶನೊಬ್ಬನು ಬೈಬಲ್ಲಿನ ದಶಾಜ್ಞೆಗಳಲ್ಲಿ ಕಳವನ್ನು ನಿಷೇಧಿಸುವ ಆಜ್ಞೆಯಿಂದಲೇ ತನ್ನ ತೀರ್ಪನ್ನು ಆರಂಭಿಸಿದನು. ಅಂದಿನಿಂದ ಧ್ವನಿಯನ್ನು ಕತ್ತರಿಸಿಕೊಳ್ಳುವವರು ಅಪ್ಪಣೆ ಪಡೆದು ಹಣ ತೆರುವುದು ರೂಢಿಯಾಯಿತು. ಒಳ್ಳೆಯದೇ. ಆದರೆ ಕದಿಯಬಾರದೆಂದು ಹೇಳುವ ಆಜ್ಞೆಯು ಯಾವುದು ಯಾರದೆಂಬುದನ್ನು ಹೇಳುವುದಿಲ್ಲ. ತೆತ್ತ ಹಣ ದಾಖಲೆಯಲ್ಲಿದ್ದ ಒಡೆಯರಿಗೆ ಹೋಯಿತು. ಕಳವನ್ನು ತಡೆದ ಮೇಲೆಯೂ ಸ್ಟಬಲ್‌ಫೀಲ್ಡನ ಕೈ ಬರಿದೇ ಉಳಿಯಿತು.

ಇಲ್ಲಿ ಬ್ರೌನನ ಪರವಾಗಿ ಹೇಳಬೇಕಾದ ಮಾತನ್ನು ಮರೆಸಬಾರದು. ಮೇಳವನ್ನು ಕಟ್ಟಿದವನು ಅವನು. ಊರೂರಿಗೆ ಒಯ್ದವನು ಅವನು. ಹಾಡು ಸೋತರೆ ನಷ್ಟ ಅವನದು, ವಾದ್ಯಗಾರನ ವಾರದ ಸಂಬಳಕ್ಕೆ ಕುಂದಿಲ್ಲ. ಎಲ್ಲರೂ ನಿಲ್ಲಿರಿ, ಇವನೊಬ್ಬನೇ ಬಾರಿಸಲಿ ಎಂದು ಆಜ್ಞಾಪಿಸಿದ ಕಿವಿ ಅವನದು. ಆ ಕಿವಿ ಇಲ್ಲದಿದ್ದರೆ ಆ ೨೦ ಸೆಕೆಂಡುಗಳು ಕೊಂಬುಗಳ ಗದ್ದಲದ ಅಡಿಯಲ್ಲಿ ಹೂತುಹೋಗುತ್ತಿದ್ದವು. ಬರಿಯ ತಾಳವನ್ನು ಕತ್ತರಿಸಿಕೊಳ್ಳಲು ಯಾರಿಗೂ ಎಡೆಯಿರುತ್ತಿರಲಿಲ್ಲ. ಮನೆ ಕಟ್ಟಿಸಿದವನು ಕೂಲಿ ಕೊಟ್ಟು ಮುಗಿಸಿದ ಮೇಲೆ ಮನೆಯ ಬಾಡಿಗೆಯಲ್ಲಿ ಗಾರೆಯವನಿಗೆ ಪಾಲುಂಟೆ?

ಈ ಉಪಮಾನ ಬಲವಾದುದೇ; ಆದರೆ ಕೊನೆಯವರೆಗೆ ನಿಲ್ಲದು. ಗಾರೆಯವನಿಗೆ ಹೇಳಿದ್ದು ಇಂಥ ಅಳತೆಯ ಗೋಡೆಯನ್ನು ಕಟ್ಟೆಂದು. ಬೇರೊಬ್ಬನನ್ನು ಕರೆದಿದ್ದರೂ ಅದೇ ಗೋಡೆ ಏಳುತ್ತಿತ್ತು. ಸ್ಟಬಲ್‌ಫೀಲ್ಡನಿಗೆ ಆ ತಾಳವನ್ನು ಯಾರೂ ಅಳೆದು ಕೊಡಲಿಲ್ಲ. ಕೂಲಿಯು ಹೊತ್ತಿಗೆ ಬೆಲೆ ಕಟ್ಟುತ್ತದೆ, ಮೈಮುರಿತಕ್ಕೆ ಬೆಲೆ ಕಟ್ಟುತ್ತದೆ. ಆ ಹೊತ್ತಿನಲ್ಲಿ ಒಬ್ಬನ ಇಡೀ ಬಾಲ್ಯವು ಕೈಗಿಳಿದು ಬಂದರೆ ಅದನ್ನು ಕೊಂಡವನು ತಾನು ಏನನ್ನು ಕೊಂಡೆನೆಂಬುದನ್ನೂ ಅರಿಯನು. ಇದರಲ್ಲಿ ವಿನೋದವೊಂದುಂಟು: ೧೯೮೦ರ ದಶಕದ ತರುಣರು ತನ್ನ ಮುದ್ರಿಕೆಗಳನ್ನು ಕೇಳದೆ ಕತ್ತರಿಸಿಕೊಳ್ಳುತ್ತಿದ್ದಾರೆಂದು ಕೆರಳಿದವರಲ್ಲಿ ಬ್ರೌನನೇ ಮೊದಲಿಗನು. ತನ್ನಿಂದ ಹೋದದ್ದು ಕಾಣುವ ಕಣ್ಣಿಗೆ ತನ್ನಲ್ಲಿಗೆ ಬಂದದ್ದು ಕಾಣುವುದು ಕಷ್ಟ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಆಳವಾದುದು. ಆ ತಾಳ ಸ್ಟಬಲ್‌ಫೀಲ್ಡನದೇ ಎಂದು ಹೇಳುವುದಾದರೂ ಹೇಗೆ? ಕಾರ್ಖಾನೆಯ ಉಸಿರು ಕೊಟ್ಟದ್ದೊಂದು ಪಾಲು, ಎದುರಿನ ಬೆಟ್ಟ ಕೊಟ್ಟದ್ದೊಂದು ಪಾಲು, ಮೆರವಣಿಗೆಯ ಹೆಸರಿಲ್ಲದ ಡ್ರಮ್ಮಿನವರು ಕೊಟ್ಟದ್ದೊಂದು ಪಾಲು. ಅದಕ್ಕೂ ಹಿಂದೆ ಆಫ್ರಿಕದಿಂದ ಸರಪಳಿಯಲ್ಲಿ ಬಂದ ಜನರು ಕೈಚಪ್ಪಾಳೆಯಲ್ಲಿ, ಕಾಲುಗಳಲ್ಲಿ ಉಳಿಸಿಕೊಂಡು ಬಂದ ನಡೆಗಳಿವೆ. ಎಲಿಸನು ಡೇವಿಸನಿಂದ ಪಡೆದನು. ಡೇವಿಸನು ಇನ್ನಾರಿಂದಲೋ ಪಡೆದಿರಬೇಕು. ಈ ಹೊಳೆಯಲ್ಲಿ ಒಂದು ಬೊಗಸೆಯನ್ನೆತ್ತಿ ಇದು ನನ್ನದೆಂದು ಗೆರೆ ಎಳೆಯುವುದು ಅಹಂಕಾರವಲ್ಲವೆ? ಅಲ್ಲದೆ ಆತನಿಗೆ ಆ ಹಾಡೇ ಹಿಡಿಸಿರಲಿಲ್ಲ. ಅದರಲ್ಲಿ ತನಗೆ ಅಷ್ಟೇನೂ ಸ್ವಾರಸ್ಯವಿಲ್ಲವೆಂದು ಮುಪ್ಪಿನಲ್ಲಿ ಮುಚ್ಚುಮರೆಯಿಲ್ಲದೆ ನುಡಿದನು. ತಾನೇ ಮೆಚ್ಚದೆ ಕೈಬಿಟ್ಟದ್ದರ ಬೆಲೆಯನ್ನು ಬೇರೆಯವರು ಕಂಡುಹಿಡಿದಾಗ, ಆ ಬೆಲೆ ಕಂಡುಹಿಡಿದವರದಲ್ಲವೆ? ಆ ತರುಣರು ಎತ್ತಿಕೊಳ್ಳದಿದ್ದರೆ ಆ ತಟ್ಟೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು. ಸ್ಟಬಲ್‌ಫೀಲ್ಡನನ್ನು ಇಂದು ನೆನೆಯುವವರು ನೆನೆಯುವುದೂ ಅವರ ದೆಸೆಯಿಂದಲೇ.

ಇದೆಲ್ಲವೂ ನಿಜ; ಆದರೂ ಇದರಿಂದ ಸಿದ್ಧವಾಗುವುದು ಒಡೆತನವು ದುರ್ಬಲವೆಂಬುದಷ್ಟೇ ಹೊರತು ಋಣವಿಲ್ಲವೆಂಬುದಲ್ಲ. ಒಡೆತನ ಬೇರೆ, ಋಣ ಬೇರೆ. ತಂದೆತಾಯಿಗಳು ಮಕ್ಕಳಿಗೆ ಕೊಟ್ಟ ಭಾಷೆ ತಂದೆತಾಯಿಗಳ ಸ್ವತ್ತಲ್ಲ. ಅವರೂ ಅದನ್ನು ಹಿಂದಿನವರಿಂದ ಪಡೆದವರೇ. ಹಾಗೆಂದು ಮಕ್ಕಳಿಗೆ ಅವರ ಋಣವಿಲ್ಲವೆಂದು ಯಾರು ಹೇಳಿಯಾರು? ಋಣವು ವಸ್ತುವಿನ ಮೇಲಣ ಹಕ್ಕಿನಿಂದ ಹುಟ್ಟುವುದಿಲ್ಲ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಅದು ಬಂತೆಂಬ ಸಂಗತಿಯಿಂದ ಹುಟ್ಟುತ್ತದೆ. ಹೊಳೆ ಎಲ್ಲರದೂ ಆಗಿರಬಹುದು. ಬಾಯಾರಿದವನಿಗೆ ನೀರನ್ನು ಮೊಗೆದು ಕೊಟ್ಟ ಕೈ ಎಲ್ಲರದೂ ಅಲ್ಲ. ಎಲಿಸನು ಡೇವಿಸನಿಗೆ ದುಡ್ಡನ್ನು ಕೊಡಲಿಲ್ಲ; ಇಂಥಲ್ಲಿಂದ ಪಡೆದೆನೆಂದು ಹೇಳಿದನು. ಅಷ್ಟರಿಂದಲೇ ಅವನ ಪಡೆಯುವಿಕೆ ಕಳವಿನಿಂದ ದೂರವಾಯಿತು.

ಹಾಗಾದರೆ ಹೆಸರು ಹೇಳಿದರೆ ಸಾಕೆ? ಈ ಸಮಾಧಾನದಲ್ಲಿ ಹೊಟ್ಟೆ ತುಂಬಿದವರ ಸೌಕರ್ಯವೊಂದು ಅಡಗಿದೆ. ಅದೇ ೧೯೬೯ರಲ್ಲಿ ‘ಏಮೆನ್ ಬ್ರದರ್’ ಎಂಬ ತುಣುಕಿನಲ್ಲಿ ಆರೇಳು ಸೆಕೆಂಡು ಒಬ್ಬನೇ ಬಾರಿಸಿದ ಗ್ರೆಗೊರಿ ಕೋಲ್ಮನ್ ಎಂಬವನ ತಾಳವೂ ಹೀಗೆಯೇ ಜಗತ್ತನ್ನೆಲ್ಲ ಸುತ್ತಿತು. ಅವನು ೨೦೦೬ರಲ್ಲಿ ತಲೆಯ ಮೇಲೆ ಸೂರಿಲ್ಲದೆ ಸತ್ತನು. ಅಂಥವನ ಮುಂದೆ ನಿಂತು, ಅಯ್ಯಾ, ನಿನ್ನ ಹೆಸರನ್ನು ಅಚ್ಚುಹಾಕಿಸುತ್ತೇವೆ ಎಂದರೆ ಅದು ಪರಿಹಾಸವಾದೀತು. ಸ್ಟಬಲ್‌ಫೀಲ್ಡನು ಈ ವಿಷಯದಲ್ಲಿ ಆಡಿದ ಮಾತು ತೂಕವುಳ್ಳದ್ದು. ಅದರಿಂದ ತನ್ನ ಮನಸ್ಸೇನೂ ಕಲಕಿಲ್ಲ, ಆದರೆ ಬಳಸಿಕೊಂಡದ್ದಕ್ಕೆ ಕೊಡದಿರುವುದು ಅಗೌರವವೆಂದು ಆತನು ಹೇಳಿದನು. ನಷ್ಟವೆನ್ನಲಿಲ್ಲ, ಕಳವೆನ್ನಲಿಲ್ಲ; ಅಗೌರವವೆಂದನು. ಹಣವನ್ನು ಆತನು ಬೇಡವೆಂದವನಲ್ಲ. ಆದರೆ ಹಣವು ಆತನಿಗೆ ಗೌರವದ ಒಂದು ರೂಪವಾಗಿತ್ತು. ಹೆಸರು ಇನ್ನೊಂದು ರೂಪ. ಎರಡನ್ನೂ ಕೊಡದವರು ಆತನಿಂದ ಪಡೆದದ್ದನ್ನು ಒಬ್ಬ ಮನುಷ್ಯನಿಂದ ಪಡೆದೆವೆಂದೇ ತಿಳಿಯಲಿಲ್ಲ, ಬೆಟ್ಟದ ಮರುದನಿಯಿಂದ ಪಡೆದಂತೆ ಪಡೆದರು. ಬೇಲಿಯಾಚೆಯವನಿಗೆ ಉಂಟಾಗುವ ಕುಂದು ಇದೇ ಇರಬೇಕು. ಅವನ ಹಾಡು ಕಡಮೆಯಾಗಿಲ್ಲ, ಅವನು ಕಡಮೆಯಾಗಿದ್ದಾನೆ.

ಇದಕ್ಕೆ ಹೊಂದಿಕೊಂಡ ಒಂದು ಸಂಗತಿ ೨೦೧೬ರಲ್ಲಿ ಹೊರಬಿತ್ತು. ೨೦೦೦ದ ಸುಮಾರಿನಲ್ಲಿ ಸ್ಟಬಲ್‌ಫೀಲ್ಡನಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಾಗ ಆತನಿಗೆ ವಿಮೆಯಿರಲಿಲ್ಲ. ಚಿಕಿತ್ಸೆಯ ಸಾಲ ಬೆಟ್ಟದಂತೆ ಬೆಳೆಯಿತು. ಅದರಲ್ಲಿ ಸುಮಾರು ೯೦,೦೦೦ ಡಾಲರುಗಳನ್ನು ಯಾರಿಗೂ ತಿಳಿಯದಂತೆ ತೀರಿಸಿದವನು ಪ್ರಿನ್ಸ್ ಎಂಬ ಪ್ರಖ್ಯಾತ ಸಂಗೀತಗಾರ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಹೆಸರು ಹೊರಗೆ ಬರಕೂಡದೆಂಬುದು ಪ್ರಿನ್ಸನ ಅಪೇಕ್ಷೆಯಾಗಿತ್ತು. ಅವನು ತೀರಿಕೊಂಡ ಮೇಲೆ ಸ್ಟಬಲ್‌ಫೀಲ್ಡನೇ ಅದನ್ನು ಬಾಯಿಬಿಟ್ಟು ಹೇಳಿದನು. ಇದನ್ನು ದಾನವೆಂದು ಹೊಗಳುವವರೇ ಹೆಚ್ಚು. ಆದರೆ ದಾನವೆಂಬುದು ಕೊಡುವವನ ಹಿರಿಮೆಯನ್ನು ಹೇಳುವ ಮಾತು. ಎಳೆಯತನದಿಂದ ಆ ತಾಳಗಳನ್ನು ಕೇಳಿ ಬೆಳೆದವನಿಗೆ, ಕೊಡುವಾಗ ತಾನು ಕೊಡುತ್ತಿದ್ದೇನೆಂಬುದಕ್ಕಿಂತ ತೀರಿಸುತ್ತಿದ್ದೇನೆಂಬ ಭಾವವೇ ಇದ್ದಿರಬಾರದೆ? ಹೆಸರನ್ನು ಮರೆಸಿದ್ದು ಆಗ ಅರ್ಥವಾಗುತ್ತದೆ. ದಾನಿಯು ಹೆಸರು ಬಯಸುವುದುಂಟು; ಸಾಲ ತೀರಿಸಿದವನು ಡಂಗುರ ಹೊಡೆಸುವುದಿಲ್ಲ. ಹೆಸರಿಲ್ಲದವನ ಹೆಸರನ್ನು ಹೇಳಬೇಕಾದವರು ಹೇಳದೆ ಇದ್ದ ಲೋಕದಲ್ಲಿ, ಹೆಸರುಳ್ಳವನೊಬ್ಬನು ತನ್ನ ಹೆಸರನ್ನು ಅಡಗಿಸಿಟ್ಟು ಕೊಟ್ಟನು. ಮತ್ತು ಪಡೆದವನು, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಕೊಟ್ಟವನ ಹೆಸರನ್ನು ಹೇಳಿದನು. ತನಗೆ ಸಲ್ಲದೆ ಹೋದ ಮರ್ಯಾದೆಯನ್ನು ಇನ್ನೊಬ್ಬನಿಗೆ ಸಲ್ಲಿಸಲು ಆತನಿಗೆ ಯಾವ ಶಾಸನದ ನೆರವೂ ಬೇಕಾಗಲಿಲ್ಲ.

ಮ್ಯಾಡಿಸನ್ನಿನಲ್ಲಿ ಆತನು ಕಹಿಯಾಗಿ ಬಾಳಿದನೆಂದು ಯಾರೂ ಹೇಳುವುದಿಲ್ಲ. ಇಪ್ಪತ್ತು ವರ್ಷಗಳ ಕಾಲ ಸೋಮವಾರದ ರಾತ್ರಿಗಳಲ್ಲಿ ಆ ಊರಿನ ಮೇಳಗಳೊಡನೆ ಫಂಕ್ ಬಾರಿಸಿದನು. ಅಲ್ಲಿಂದ ಪ್ರಸಾರವಾಗುತ್ತಿದ್ದ ರೇಡಿಯೋ ವಿನೋದ ಕಾರ್ಯಕ್ರಮದ ಸಣ್ಣ ಜಾಜ್ ಮೇಳದಲ್ಲಿ ಅನೇಕ ವರ್ಷ ಕುಳಿತನು. ಪಿಯಾನೋ ಬಾರಿಸುವವನ ಮೆಲುಮಾತಿನ ಹಿಂದೆ ಅದಕ್ಕೆ ತಕ್ಕಷ್ಟೇ ಮೆಲ್ಲಗೆ ಬಾರಿಸಲು ಆತನಿಗೆ ತಿಳಿದಿತ್ತು. ಕಿರಿಯರು ಬಂದು ಕೇಳಿದರೆ ತೋರಿಸಿಕೊಡುತ್ತಿದ್ದನು. ೧೯೯೭ರಲ್ಲಿ ‘ಫಂಕೀ ಡ್ರಮ್ಮರನ ಸೇಡು’ ಎಂಬರ್ಥದ ಹೆಸರಿಟ್ಟು ಒಂದು ಮುದ್ರಿಕೆಯನ್ನೂ ತಂದನು. ಹೆಸರಿನಲ್ಲಿದ್ದ ಸೇಡು ಆತನ ಮುಖದಲ್ಲಿ ಯಾರಿಗೂ ಕಂಡಂತಿಲ್ಲ. ಮುಂದೆ, ಬೇಕಾದವರು ಸಕ್ರಮವಾಗಿ ಅಪ್ಪಣೆ ಪಡೆದು ಕತ್ತರಿಸಿಕೊಳ್ಳಲೆಂದೇ ಹೊಸ ತಾಳಗಳನ್ನು ಬಾರಿಸಿ ಕೊಟ್ಟನು. ಆ ತಾಳಗಳಲ್ಲಿಯೂ ಅದೇ ಕೈ, ಅದೇ ಮೆಲುಪೆಟ್ಟು.

ಮೂತ್ರಪಿಂಡಗಳು ಕೆಟ್ಟು ವರ್ಷಗಳ ಕಾಲ ಚಿಕಿತ್ಸೆಯಲ್ಲಿದ್ದು, ೨೦೧೭ರ ಫೆಬ್ರವರಿ ೧೮ರಂದು ಆತನು ತೀರಿಕೊಂಡನು. ಆ ಊರಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಲಲಿತಕಲೆಗಳಲ್ಲಿ ಗೌರವ ಡಾಕ್ಟರ್ ಪದವಿಯನ್ನು ಆತನಿಗೆ ಕೊಡುವುದಾಗಿ ಮೊದಲೇ ನಿಶ್ಚಯಿಸಿತ್ತು. ಸ್ವರಲಿಪಿ ಓದಲು ಬಾರದ ಆ ವಾದಕನಿಗೆ ಮೇ ತಿಂಗಳಿನಲ್ಲಿ ಪದವಿ ಸಂದಿತು. ಆತನು ಸತ್ತು ಮೂರು ತಿಂಗಳು ಆಗುತ್ತ ಬಂದಿತ್ತು.